ಹತ್ತಲ್ಲ ಎಂದ ಮೇಷ್ಟ್ರು

ಕುರಮೋಚಿ ತೋಕುಜಿಯವರ ತತಾಮಿ ಚಾಪೆ ಅಂಗಡಿ ನನ್ನ ಉದೊನ್ ಶಾವಿಗೆಯ ಅಂಗಡಿಗೆ ಎದುರು. ಬೆಳಿಗ್ಗೆ ಎದ್ದು ನಾನು ಬಾಗಿಲಿಗೆ ಪರದೆ ತೂಗುಹಾಕುವ ಹೊತ್ತಿಗೆ ಅವರು ಮಂಡಿಯೂರಿ ಕೂತು ಹುಲ್ಲಿನ ಚಾಪೆಗೆ ಅಂಚುಪಟ್ಟಿ ಹೊಲಿಯುತ್ತಿರುತ್ತಾರೆ. ಮುಖಕ್ಕಿಂತ ಅವರ ಬೆನ್ನೇ ನನಗೆ ಹೆಚ್ಚು ಪರಿಚಯ ಎಂದರೂ ಸರಿ.

ನಮ್ಮ ಉಶಿನೌರದಲ್ಲಿ ಯಾರೂ ಯಾರಿಗೂ ಮುಖದ ಮೇಲೆ 'ಇಲ್ಲ' ಅನ್ನುವುದಿಲ್ಲ. ಬೇಡ ಅನ್ನಬೇಕಾದರೆ 'ಯೋಚನೆ ಮಾಡ್ತೀವಿ' ಅನ್ನುತ್ತೇವೆ. ಖಂಡಿತ ಬೇಡ ಅನ್ನಬೇಕಾದರೆ 'ಬಹಳ ಚೆನ್ನಾಗಿ ಯೋಚನೆ ಮಾಡ್ತೀವಿ' ಅನ್ನುತ್ತೇವೆ. ಅಂಥ ಊರಿನಲ್ಲಿ ಕುರಮೋಚಿಯವರು ಕಡ್ಡಿ ಮುರಿದ ಹಾಗೆ ಮಾತಾಡುವವರು. ನಾನು ಅಂಗಡಿ ತೆರೆದ ದಿನ ಬಂದವರೆಲ್ಲ 'ಅಮೃತ, ಅಮೃತ' ಅಂದು ಅರ್ಧ ಬಟ್ಟಲು ಬಿಟ್ಟು ಹೋದರು. ಇವರು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಸಾರಿಗೆ ಉಪ್ಪು ಜಾಸ್ತಿ ಮಿತ್ಸುಯೊ, ನಾಳೆ ಕಡಿಮೆ ಮಾಡು" ಅಂದರು. ಕೋಣೆಯ ನೆಲಕ್ಕೆ ಹೊಸ ಚಾಪೆ ಹಾಕಿಸಬೇಕು ಅಂತ ತಾನಾಗಿ ಬಂದ ಗಿರಾಕಿಗೆ, "ನಿಮ್ಮ ಮನೇದು ಇನ್ನೂ ಐದು ವರ್ಷ ಬರುತ್ತೆ, ಹೋಗಿ" ಅನ್ನುವುದೂ ಉಂಟು. ಅವರ ಹೆಂಡತಿ ಸುಮಿಯೆ ಒಳಗಿನಿಂದಲೇ ಹಲ್ಲು ಕಡಿಯುವ ಸದ್ದು ನನ್ನ ಅಂಗಡಿಗೆ ಕೇಳಿಸುತ್ತಿತ್ತು.

ಭಾನುವಾರ ಅವರು ನದಿಯ ಪಕ್ಕದ ಮೈದಾನದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದರು. ಸಂಬಳ ಗಿಂಬಳ ಏನಿಲ್ಲ. ವಸಂತದಲ್ಲಿ ಹೊಸ ಮಕ್ಕಳನ್ನು ಆರಿಸುವ ದಿನ. ಬೇರೆ ಊರುಗಳ ಕ್ಲಬ್ಬುಗಳು, ಸೇರಿಸಿಕೊಳ್ಳದ ಮಕ್ಕಳ ಮನೆಗೆ 'ನಿಮ್ಮ ಮಗನ ಉಜ್ವಲ ಭವಿಷ್ಯಕ್ಕಾಗಿ ಪ್ರಾರ್ಥಿಸುತ್ತೇವೆ' ಅಂತ ಅಚ್ಚು ಹಾಕಿಸಿದ ಕಾಗದ ಕಳಿಸುತ್ತವೆ. ಕುರಮೋಚಿಯವರು ಯಾರಿಗೂ ಪ್ರಾರ್ಥನೆ ಮಾಡುತ್ತಿರಲಿಲ್ಲ. ಹುಡುಗನನ್ನು ಆಡಿಸಿ ನೋಡಿ, ತಾಯಿ ತಂದೆಯ ಎದುರೇ, "ಇವನಿಗೆ ಆಟ ಹತ್ತಲ್ಲ" ಅನ್ನುತ್ತಿದ್ದರು. ಅಷ್ಟೇ. ಮಗು ಅಳುತ್ತಿತ್ತು, ತಾಯಿ ಮುಖ ಊದಿಸಿಕೊಳ್ಳುತ್ತಿದ್ದಳು, ಮುಂದಿನ ವಾರ ಆ ಮಗು ಈಜಿಗೋ ಡೋಲು ಬಾರಿಸುವುದಕ್ಕೋ ಸೇರಿಕೊಳ್ಳುತ್ತಿತ್ತು.

ಹಾಗೆ ಅವರಿಂದ 'ಹತ್ತಲ್ಲ' ಅನ್ನಿಸಿಕೊಂಡವರಲ್ಲಿ ತೊಕೊನಾಮಿ ಹರುಮ ಒಬ್ಬ. ಅಪ್ಪ ದೋಣಿ ಕಂಪನಿಯಲ್ಲಿ ಹಗ್ಗ ಕಟ್ಟುವ ಕೆಲಸದವನು, ಅಮ್ಮ ಮೀನು ಸೀಳುವವಳು. ಹರುಮನಿಗೆ ಹನ್ನೊಂದು ವರ್ಷವಿದ್ದಾಗ ಸಮುದ್ರ ದಾಟಿ ಹಿರೋಶಿಮಾಕ್ಕೆ ಹೊರಟುಹೋದರು. ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಬಾಡಿಗೆ ಮನೆಯವನಿಗೆ ಗೊತ್ತಾಗಿರಬಹುದು.

ಅದೇ ಹರುಮ ಇಪ್ಪತ್ತು ತುಂಬುವಷ್ಟರಲ್ಲಿ ಬೆಲ್ಜಿಯಮ್ಮಿನ ಒಂದು ಕ್ಲಬ್ಬಿಗೆ ಆಡುತ್ತ, ವಾರ ಬಿಟ್ಟು ವಾರ ಗೋಲು ಹೊಡೆಯತೊಡಗಿದ. ನೋಡುವುದಕ್ಕೂ ಲಕ್ಷಣವಾಗಿದ್ದ, ಗೋಲು ಹೊಡೆದ ಮೇಲೆ ಕೂದಲು ಹಿಂದಕ್ಕೆ ಸರಿಸಿ ಸ್ವಲ್ಪ ನಾಚಿಕೊಳ್ಳುವ ಅಭ್ಯಾಸ ಬೇರೆ. ಆ ನಾಚಿಕೆಗೆ ಇಡೀ ದೇಶ ಬಿದ್ದುಹೋಯಿತು. ಟೂತ್‌ಪೇಸ್ಟಿನ ಮೇಲೆ ಹರುಮ, ಬ್ಯಾಂಕಿನ ಬಾಗಿಲ ಮೇಲೆ ಹರುಮ, ಚಹಾ ಬಾಟಲಿಯ ಮೇಲೆ ಹರುಮ. ನನ್ನ ಅತ್ತೆಗೆ ಎಂಬತ್ತಾರು. ಮೂರು ಊರಾಚೆ ಮದುವೆಯಾದ ಮೊಮ್ಮಗಳ ಹೆಸರು ನೆನಪಿಲ್ಲ, ಹರುಮನ ಅಂಗಿಯ ನಂಬರು ಬಾಯಿಪಾಠ.

ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಮ್ಮ ಊರು ಹಿಂದೆ ಬೀಳಲಿಲ್ಲ. ಅಂಗಡಿ ಬೀದಿ ಸಂಘದ ಅಧ್ಯಕ್ಷ ಇನದೊಮಿಯವರದ್ದು ಮೀನಿನ ಕಡುಬಿನ ವ್ಯಾಪಾರ. ಎಲ್ಲಿ ಕತ್ತರಿಸಿದರೂ ಹರುಮನ ಮುಖ ಕಾಣುವಂಥ ಕಡುಬು ಮಾಡಿದರು. ಹಬೆಯಲ್ಲಿ ಬೆಂದಾಗ ಒಂದು ಕಣ್ಣು ಮೂಗಿನ ಹತ್ತಿರ ಸರಿಯುತ್ತಿತ್ತು. ಆದರೂ ಜನ ಕೊಂಡರು. ಹಲ್ಲಿನ ಡಾಕ್ಟರು ನಿಶಿಗೋರಿ 'ಹರುಮನ ಹಾಲುಹಲ್ಲು' ಅಂತ ಗಾಜಿನ ಡಬ್ಬಿಯಲ್ಲಿ ಒಂದು ಹಲ್ಲಿಟ್ಟರು. ಊರ ಪದ್ಧತಿಯಂತೆ ಮಗನ ಮೇಲ್ಹಲ್ಲನ್ನೆಲ್ಲ ಜಗಲಿ ಕೆಳಗೂ ಕೆಳಹಲ್ಲನ್ನೆಲ್ಲ ಸೂರಿನ ಮೇಲಕ್ಕೂ ತಾನೇ ಎಸೆದದ್ದು ಅಂತ ಹರುಮನ ಅಮ್ಮ ಹಿರೋಶಿಮಾದಿಂದ ಫೋನು ಮಾಡಿದ ಮೇಲೆ ಡಬ್ಬಿ ಮಾಯವಾಯಿತು. ಆ ಹಲ್ಲು ಯಾರದ್ದೋ, ಇವತ್ತಿಗೂ ಗೊತ್ತಿಲ್ಲ. ಪುರಸಭೆಯವರು ಬೀದಿಯ ಚರಂಡಿ ಮುಚ್ಚಳದ ಮೇಲೆ ಹರುಮನ ಮುಖ ಎರಕ ಹೊಯ್ಸಿದರು. ದೇವರಂಥ ಹುಡುಗನ ಮುಖ ತುಳಿಯುವುದು ಹೇಗೆ ಅಂತ ಮುದುಕಿಯರೆಲ್ಲ ಅದನ್ನು ಬಳಸಿ ನಡುರಸ್ತೆಗೆ ಇಳಿಯತೊಡಗಿದರು. ಮೀನಿನ ಲಾರಿಗೆ ಇಬ್ಬರು ಸಿಕ್ಕೇ ಬಿಡುವುದರಲ್ಲಿದ್ದರು. ಮುಚ್ಚಳ ಕಿತ್ತು ಗೋಡೆಗೆ ತೂಗುಹಾಕಿದರು. ನಾನೂ ಸುಮ್ಮನಿರಲಿಲ್ಲ, ಹರುಮ ಒಂದು ಸಲ ನಮ್ಮಲ್ಲಿ ಉದೊನ್ ತಿಂದದ್ದು ನಿಜ, ಅವನ ಕುರ್ಚಿಗೆ ಬಣ್ಣದ ದಿಂಬು ಹಾಕಿಸಿದೆ.

ಇಷ್ಟೆಲ್ಲ ಗದ್ದಲದಲ್ಲಿ ಒಂದು ಮಾತೂ ಆಡದೆ ಚಾಪೆ ಹೊಲಿಯುತ್ತಿದ್ದವರು ಕುರಮೋಚಿ ಒಬ್ಬರೇ.

ಆಗ ಆ ಟೀವಿ ಸಂದರ್ಶನ ಬಂತು. "ನೀವು ಯಾರನ್ನ ನೆನೆಸ್ಕೊಳ್ತೀರಿ?" ಅಂತ ಕೇಳಿದರು. ಹರುಮ ಕೂದಲು ಹಿಂದಕ್ಕೆ ಸರಿಸಿ, "ನಮ್ಮೂರಲ್ಲಿ ತತಾಮಿ ಮಾಡೋ ಮೇಷ್ಟ್ರು ಒಬ್ರಿದ್ರು. 'ನೀನು ಚೆಂಡಿನ ಹಿಂದೆ ಓಡ್ತೀಯ, ಚೆಂಡು ಎಲ್ಲಿಗೆ ಬರುತ್ತೆ ಅಂತ ನೋಡಲ್ಲ. ನಿನಗೆ ಆಟ ಹತ್ತಲ್ಲ' ಅಂದ್ರು. ಆ ಮಾತು ಇಲ್ಲದಿದ್ರೆ ನಾನಿಲ್ಲಿ ಇರ್ತಿರಲಿಲ್ಲ" ಅಂದ.

ಹುಡುಗ ಕೃತಜ್ಞತೆಯಿಂದ ಹೇಳಿದ್ದನ್ನು ದೇಶ ಮೊದಲು ದೂರಿನ ಹಾಗೆ ಕೇಳಿಸಿಕೊಂಡಿತು. ಮೇಷ್ಟ್ರ ಹೆಸರು ಅವನು ಹೇಳಿರಲಿಲ್ಲ, ನಿಜ. ಆದರೆ ಉಶಿನೌರದಲ್ಲಿ ತತಾಮಿ ಅಂಗಡಿ ಒಂದೇ. ಮರುದಿನ ಬೆಳಗಿನಿಂದ ಕುರಮೋಚಿಯವರ ಫೋನು ಬಡಿದುಕೊಳ್ಳುವುದು ನಿಲ್ಲಲಿಲ್ಲ. ಹೊಕ್ಕೈದೊದಿಂದ ಯಾವುದೋ ಹೆಂಗಸು, "ಹರುಮನನ್ನ ಅಳಿಸಿದ ಪಾಪಿ ನೀನೇನಾ?" ಅಂತ ಕೇಳಿದಳಂತೆ. ಇವರು, "ಅತ್ತಿರಬಹುದು. ಬಹಳ ಮಕ್ಕಳು ಅಳ್ತಾರೆ" ಅಂದರಂತೆ.

ಇನದೊಮಿ ಓಡಿಬಂದು ನನ್ನ ಅಂಗಡಿಯಲ್ಲೇ ಪಂಚಾಯಿತಿ ಸೇರಿಸಿದರು.

"ಕುರಮೋಚಿಯವರೇ, ಪತ್ರಿಕೆಯವರನ್ನ ಕರೀತೀನಿ. ನೀವು ಕರಿ ಕೋಟು ಹಾಕ್ಕೊಂಡು ಬನ್ನಿ. ಸೊಂಟ ಪೂರ್ತಿ ಬಗ್ಗಿಸಬೇಕು. ಕ್ಯಾಮೆರಾ ಸದ್ದು ನಿಲ್ಲೋವರೆಗೂ ತಲೆ ಎತ್ತಬಾರದು. ಅಳು ಬಂದ್ರೆ ಒಳ್ಳೇದು, ಬರದಿದ್ರೂ ನಡೆಯುತ್ತೆ."

"ಯಾಕೆ?"

"ಯಾಕೆ ಅಂದ್ರೆ? ಕ್ಷಮೆ ಕೇಳೋಕೆ ಕಣ್ರೀ!"

"ತಪ್ಪು ಹೇಳಿದ್ರೆ ಕ್ಷಮೆ ಕೇಳ್ತೀನಿ. ಹನ್ನೊಂದು ವರ್ಷದ ಹುಡುಗ ಚೆಂಡಿನ ಹಿಂದೆ ಓಡ್ತಿದ್ರೆ, ಚೆಂಡಿನ ಹಿಂದೆ ಓಡ್ತಾನೆ ಅಂತಲೇ ಹೇಳಬೇಕು."

"ಅಯ್ಯೋ, ನಿಜ ಸುಳ್ಳು ಯಾರು ಕೇಳಿದ್ರು ನಿಮ್ಮನ್ನ? ಬಗ್ಗಿ ಅಂದೆ!"

"ಚಾಪೆ ಕೆಲಸದವನು ಇನದೊಮಿಯವರೇ, ಬೆಳಗ್ಗೆಯಿಂದ ಸಂಜೆವರೆಗೆ ಬಗ್ಗಿಯೇ ಇರ್ತೀನಿ" ಅಂದು ಎದ್ದುಹೋದರು.

ಆ ವಾರವೇ ಮಕ್ಕಳ ಕ್ಲಬ್ಬಿನವರು 'ಮೇಷ್ಟ್ರ ಆರೋಗ್ಯದ ದೃಷ್ಟಿಯಿಂದ' ಅವರಿಗೆ ವಿಶ್ರಾಂತಿ ಕೊಟ್ಟರು. ಆರೋಗ್ಯ ಗುಂಡುಕಲ್ಲಿನಂತಿತ್ತು. ಭಾನುವಾರ ಏನು ಮಾಡುವುದು ಅಂತ ತೋಚದೆ ಅವರು ನನ್ನ ಅಂಗಡಿಗೆ ಬಂದು, ನಾನು ಈರುಳ್ಳಿಸೊಪ್ಪು ಹೆಚ್ಚುವುದನ್ನು ನೋಡುತ್ತ ಕೂತರು. "ದಪ್ಪ ಆಯ್ತು" ಅಂದರು. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ಗಾಳಿ ತಿರುಗಿದ್ದು ಒಸಾಕಾದಿಂದ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ಬಂದ ದಿನ. ಅಂಗಡಿಯೆದುರು ನಿಂತು ಆಕೆ ಸೊಂಟ ಪೂರ್ತಿ ಬಗ್ಗಿಸಿದಳು.

"ಮೇಷ್ಟ್ರೇ, ದಯವಿಟ್ಟು ನನ್ನ ಮಗನಿಗೆ ಹತ್ತಲ್ಲ ಅಂತ ಒಂದು ಮಾತು ಹೇಳಬೇಕು."

"ಆಡೋದನ್ನ ನೋಡದೆ ಹೇಗಮ್ಮ ಹೇಳೋದು?"

ಹುಡುಗ ಬೀದಿಯಲ್ಲೇ ಚೆಂಡು ಒದ್ದ. ಚೆಂಡು ನನ್ನ ಹೂಕುಂಡ ಒಡೆಯಿತು. ಕುರಮೋಚಿಯವರು ಇನ್ನೂ ನಾಲ್ಕು ಸಲ ಒದೆಯಿಸಿ ನೋಡಿ, "ನಿಜ. ಹತ್ತಲ್ಲ" ಅಂದರು. ಆ ತಾಯಿ ಕರವಸ್ತ್ರ ಕಣ್ಣಿಗೆ ಒತ್ತಿಕೊಂಡು, "ಕೇಳಿಸ್ತೇನೋ? ಹತ್ತಲ್ಲವಂತೆ! ಬಾಯಾರೆ ಹೇಳಿದ್ರು!" ಅಂತ ಮಗನನ್ನು ತಬ್ಬಿಕೊಂಡಳು. ಹುಡುಗ ಶಾಲೆಯ ತಂಡಕ್ಕೆ, ಯಾರಿಗೋ ಜ್ವರ ಬಂದು, ಮುಂದಿನ ತಿಂಗಳು ಆಯ್ಕೆಯಾದ. ಆಕೆ ಅದನ್ನು ಅಂತರ್ಜಾಲದಲ್ಲಿ ಬರೆದಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲಿಲ್ಲ? ಮುಂದಿನ ಭಾನುವಾರ ಅಂಗಡಿಯಿಂದ ದೋಣಿಕಟ್ಟೆಯವರೆಗೆ ಸಾಲು. ಇನದೊಮಿ ತಾವೇ ಹಗ್ಗ ಹಿಡಿದು ಸಾಲು ನೇರ ಮಾಡಿದರು. ಕರಿ ಕೋಟಿನ ಮಾತೇ ಇಲ್ಲ. ಈಗ ಕುರಮೋಚಿಯವರು 'ನಮ್ಮ ಮೇಷ್ಟ್ರು'. ಚಾಪೆಯ ಉಳಿದ ಅಂಚುಪಟ್ಟಿಯಲ್ಲಿ ಪುಟ್ಟ ಚೀಲ ಹೊಲಿಸಿ, 'ಹತ್ತಲ್ಲ' ಅಂತ ಅಚ್ಚು ಹಾಕಿಸಿ, ರಕ್ಷೆಯ ಹಾಗೆ ಮಾರಿದರು. ಹೊಲಿದವಳು ಸುಮಿಯೆ. ಮದುವೆಯಾದ ಮೇಲೆ ಮೊದಲ ಸಲ ಗಂಡನ ಬಾಯಿಂದ ಮನೆಗೊಂದು ಉಪಕಾರವಾಯಿತು ಅಂತ ನನ್ನ ಹತ್ತಿರ ಹೇಳಿಕೊಂಡು ಹಿಗ್ಗಿದಳು.

ಬರಬರುತ್ತ ಫುಟ್‌ಬಾಲು ನೆಪವಾಯಿತು. ಪಿಟೀಲು ಕಲಿಯುವವರು ಬಂದರು, ಪರೀಕ್ಷೆ ಬರೆಯುವವರು ಬಂದರು. ಮದುವೆ ನಿಶ್ಚಯವಾದ ಒಂದು ಜೋಡಿ ಬಂದು, ನಮಗೆ ಸಂಸಾರ ಹತ್ತಲ್ಲ ಅನ್ನಿ ಅಂತ ಕಾಲಿಗೆ ಬಿತ್ತು. ಪುರಸಭೆ ಚುನಾವಣೆಗೆ ನಿಂತಿದ್ದ ಒಬ್ಬ ಅಭ್ಯರ್ಥಿ ಬಿಳಿ ಕೈಗವುಸು ಹಾಕಿಕೊಂಡು ಬಂದ. ಅವನು ಎರಡು ನಿಮಿಷ ಮಾತಾಡಿದ್ದನ್ನು ಕೇಳಿ ಕುರಮೋಚಿಯವರು ಮನಸಾರೆ, "ನಿನಗೆ ಖಂಡಿತ ಹತ್ತಲ್ಲ" ಅಂದರು. ಅವನು ಅದನ್ನೇ ಭಿತ್ತಿಪತ್ರದ ಮೇಲೆ ಹಾಕಿಸಿಕೊಂಡ. ಜನ ಓದಿ, ಸರಿ ಅಂತ ಒಪ್ಪಿ, ಸೋಲಿಸಿದರು.

ಒಂದು ಸಂಜೆ ಸಾಲೆಲ್ಲ ಕರಗಿದ ಮೇಲೆ ಮೇಷ್ಟ್ರು ಬಂದು ನನ್ನೆದುರು ಕೂತರು. ಮುಖ ಇಳಿದುಹೋಗಿತ್ತು.

"ಮಿತ್ಸುಯೊ, ಮೊದಲೆಲ್ಲ ಹತ್ತಲ್ಲ ಅಂದ್ರೆ ಮಕ್ಕಳು ಅಳ್ತಿದ್ವು. ಅತ್ತು, ಬೇರೆ ಏನಾದ್ರೂ ಹುಡುಕ್ಕೊಳ್ತಿದ್ವು. ಕಟ್ಟೆ ಹತ್ತಿರದ ಬಲೆಯವನ ಮಗ ಈಗ ಎಂಥ ಬಡಗಿ ನೋಡು. ಈಗ ನಾನು ಹೇಳಿದ್ರೆ ಕುಣೀತಾವೆ. ನನ್ನ ಮಾತನ್ನ ಒಬ್ರೂ ನಂಬ್ತಾ ಇಲ್ಲ."

"ಇಷ್ಟು ಜನ ದೋಣಿ ಹತ್ತಿ ಬರ್ತಾರೆ, ನಂಬಿಕೆ ಇಲ್ಲದೆ ಬರ್ತಾರಾ?"

"ಬರ್ತಾರೆ. ನಾನು ಹೇಳಿದ್ದು ಸುಳ್ಳಾಗುತ್ತೆ ಅಂತ ನಂಬ್ಕೊಂಡು ಬರ್ತಾರೆ" ಅಂದರು. ನಾನು ಅವರ ಬಟ್ಟಲಿಗೆ ಇನ್ನೊಂದು ತುಂಡು ಕರಿದ ತೋಫು ಹಾಕಿದೆ.

ಮರುವಾರ ಎದುರಿನ ದ್ವೀಪದಿಂದ ಕಿತ್ತಳೆ ತೋಟದ ಒಬ್ಬ ತಂದೆ ಒಂಬತ್ತು ವರ್ಷದ ಮಗಳನ್ನು ಕರೆತಂದ. ಚಿಯೋರಿ ಅಂತ ಹೆಸರು, ಮೊಣಕಾಲ ತುಂಬ ಗಾಯದ ಗುರುತು. ಹುಡುಗಿ ಚೆಂಡನ್ನು ಪಾದದ ಮೇಲೆ ಎತ್ತಿಕೊಂಡು, ಸಾಲಿನಲ್ಲಿ ನಿಂತ ಹುಡುಗರ ನಡುವೆ ನುಸುಳಿ, ಯಾರಿಗೂ ತಾಗಿಸದೆ, ಹೋಗಿ ಬಂದಳು. ಮೇಷ್ಟ್ರು ಎದ್ದು ನಿಂತರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿದ್ದು ಕಡಿಮೆ.

"ಇವಳಿಗೆ ಆಟ ಹತ್ತಿದೆ. ಬಹಳ ಚೆನ್ನಾಗಿ ಹತ್ತಿದೆ" ಅಂದರು.

ತಂದೆಯ ಮುಖ ಬಿಳಿಚಿಕೊಂಡಿತು.

"ಏನಂದ್ರಿ? ಎಲ್ಲರ ಮಕ್ಕಳಿಗೂ ಹತ್ತಲ್ಲ ಅಂದ್ರಿ. ನನ್ನ ಮಗಳು ನಿಮಗೇನು ಅನ್ಯಾಯ ಮಾಡಿದ್ಲು?"

"ಆಡ್ತಾಳಲ್ಲಪ್ಪ, ನಾನೇನು ಮಾಡಲಿ?"

ಇನದೊಮಿ ನಡುವೆ ನುಗ್ಗಿ ಕಿವಿಯಲ್ಲಿ, "ಒಂದೇ ಒಂದು ಮಾತು ಮೇಷ್ಟ್ರೇ! ಜನ ನೋಡ್ತಾ ಇದಾರೆ. ಅಭ್ಯಾಸ ಇರೋ ಮಾತು ತಾನೆ, ಅಂದ್ಬಿಡಿ!" ಅಂತ ಅಂಗಲಾಚಿದರು. ಮೇಷ್ಟ್ರು ಅನ್ನಲಿಲ್ಲ. ಹುಡುಗಿ, ತನ್ನಿಂದ ಏನೋ ದೊಡ್ಡ ತಪ್ಪಾಯಿತು ಅಂದುಕೊಂಡು ಬಿಕ್ಕಳಿಸಿ ಅಳತೊಡಗಿದಳು. ತಂದೆ ಅವಳನ್ನು ಎಳೆದುಕೊಂಡು ದೋಣಿಗೆ ಹೋದ. ಕುರಮೋಚಿ ಹೊಗಳಿದರೆ ಶನಿ ಹೆಗಲೇರಿದ ಹಾಗೆ ಅಂತ ಸಂಜೆಯ ಹೊತ್ತಿಗೆ ದೇಶವೆಲ್ಲ ಹಬ್ಬಿತ್ತು. ಅಂಥ ಅಪಾಯಕ್ಕೆ ಯಾರು ಮಕ್ಕಳನ್ನು ಒಡ್ಡುತ್ತಾರೆ? ಸಾಲು ಅರ್ಧಕ್ಕಿಳಿಯಿತು. ಚಿಯೋರಿ ಮಾತ್ರ ಮುಂದಿನ ಭಾನುವಾರ ಅಜ್ಜಿಯ ಜೊತೆ ಬಂದಳು, ಅದರ ಮುಂದಿನ ಭಾನುವಾರವೂ ಬಂದಳು. ತಂದೆ ಇವತ್ತಿಗೂ ಮೇಷ್ಟ್ರ ಮುಖ ನೋಡುವುದಿಲ್ಲ.

ಜೂನಿನಲ್ಲಿ ಬೆಲ್ಜಿಯಮ್ಮಿನ ಪಂದ್ಯಗಳು ಮುಗಿದು ಹರುಮ ಊರಿಗೆ ಬರುತ್ತಾನೆ ಅಂತ ಸುದ್ದಿ ಬಂತು. ವ್ಯಾಪಾರ ಎತ್ತಲು ಇನದೊಮಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಶಾಲೆಯ ದೊಡ್ಡ ಹಾಲಿನಲ್ಲಿ ವೇದಿಕೆ ಕಟ್ಟಿಸಿದರು. 'ಗುರುಶಿಷ್ಯ ಸಮಾಗಮ' ಅಂತ ಬಟ್ಟೆಯ ಫಲಕ. ಹರುಮ ಬಗ್ಗಿ ನಮಸ್ಕರಿಸಬೇಕು, ಮೇಷ್ಟ್ರು ಕಣ್ಣೊರೆಸಿಕೊಳ್ಳಬೇಕು, ಮೇಯರು ಇಬ್ಬರ ನಡುವೆ ನಿಲ್ಲಬೇಕು. ಹರುಮ ಒಳಗೆ ಬಂದಾಗ ಹೆಂಗಸರ ಕಿರುಚಾಟಕ್ಕೆ ಕಿಟಕಿ ಗಾಜುಗಳು ನಡುಗಿದವು. ನನ್ನ ಅತ್ತೆ ಗಾಲಿಕುರ್ಚಿಯಿಂದ ಎದ್ದು ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ.

ಟೀವಿಯಿಂದ ಬಂದ ನಿರೂಪಕಿ ಕುರಮೋಚಿಯವರ ಬಾಯಿಗೆ ಮೈಕು ಹಿಡಿದಳು.

"ಮೇಷ್ಟ್ರೇ, ಆ ದಿನ ಈ ಪುಟ್ಟ ಹುಡುಗನ ಕಣ್ಣಲ್ಲಿ ನಿಮಗೇನು ಕಾಣಿಸ್ತು?"

"ಯಾವ ದಿನ?"

"ಇವರಿಗೆ ಹತ್ತಲ್ಲ ಅಂದಿರಲ್ಲ, ಆ ದಿನ."

"ನೆನಪಿಲ್ಲಮ್ಮ."

ಜನ ಗೊಳ್ಳೆಂದು ನಕ್ಕರು. "ಮೇಷ್ಟ್ರು ತಮಾಷೆ ಮಾಡ್ತಾರೆ!" ಅಂದಳು ನಿರೂಪಕಿ.

"ತಮಾಷೆ ಅಲ್ಲ. ಆ ವರ್ಷವೂ ಬಹಳ ಮಕ್ಕಳು ಬಂದಿರಬೇಕು. ಇವರ ಮುಖ ನಾನು ಟೂತ್‌ಪೇಸ್ಟಿನ ಮೇಲೆ ನೋಡಿದ್ದೇ ಮೊದಲು."

ಮೊದಲ ಸಾಲಿನಿಂದ ಇನದೊಮಿ ತಡೆಯಲಾರದೆ, "ಹಾಗಿದ್ರೆ ಇಷ್ಟು ದಿನ ಯಾಕ್ರೀ ಬಾಯಿ ಬಿಡಲಿಲ್ಲ?" ಅಂತ ಕೂಗಿದರು.

"ನೀವು ಬಗ್ಗಿ ಅಂದ್ರಿ, ಆಮೇಲೆ ಕೂತ್ಕೊಳ್ಳಿ ಅಂದ್ರಿ. ನೆನಪಿದೆಯಾ ಅಂತ ಒಬ್ರಾದ್ರೂ ಕೇಳಿದ್ರಾ?"

ಹರುಮನ ಕೈ ಕೂದಲಿನ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಮೈಕು ಬೇಡವೆಂದು ಸರಿಸಿ, ಹತ್ತಿರ ಬಂದ.

"ಮೇಷ್ಟ್ರೇ, ನಾನು ಅವತ್ತು ಕೆಂಪು ಶೂ ಹಾಕಿದ್ದೆ."

"ಇರಬಹುದು."

"ಗೋಲಿನ ಪಕ್ಕ ಕೆಸರಲ್ಲಿ ಬಿದ್ದೆ. ನೀವೇ ಎತ್ತಿದ್ರಿ."

"ಅಲ್ಲಿ ಎಲ್ಲರೂ ಬೀಳ್ತಾರೆ. ಎತ್ತಿರಬೇಕು."

ಹಾಲುಹಲ್ಲು ತೋರಿಸಿದವರಿಗೆ, ಚೆಂಡು ಕೊಡಿಸಿದೆ ಅಂದವರಿಗೆ, ಎತ್ತಿ ಆಡಿಸಿದೆ ಅಂದವರಿಗೆ, ಎಲ್ಲರಿಗೂ ಹರುಮನ ಬಾಲ್ಯ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಅವನನ್ನು ನಿಜವಾಗಿ ಆಡಿಸಿ ನೋಡಿದ ಒಬ್ಬನೇ ಒಬ್ಬ ಮನುಷ್ಯನಿಗೆ ನೆನಪಿರಲಿಲ್ಲ. ಮೇಯರು ಮಾತ್ರ ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದರು.

ಮರುದಿನ ಮಧ್ಯಾಹ್ನ ಟೋಪಿ ಕೆಳಗೆಳೆದುಕೊಂಡ ಒಬ್ಬ ಹುಡುಗ ತತಾಮಿ ಅಂಗಡಿಗೆ ನುಗ್ಗಿದ. ಸ್ವಲ್ಪ ಹೊತ್ತಿಗೆ ಸುಮಿಯೆ ಹಿತ್ತಲ ಕಡೆಯಿಂದ ಬಂದು, "ಒಂದು ಬಟ್ಟಲು ಉದೊನ್ ಕೊಡು, ಬಾಯಿ ಮುಚ್ಕೊಂಡು ತಾ" ಅಂದಳು. ತೆಗೆದುಕೊಂಡು ಹೋದೆ. ಹರುಮ ಹೊಸ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ. ಟೀವಿಯಲ್ಲಿ ಕಾಣುವುದಕ್ಕಿಂತ ಚಿಕ್ಕವನು, ಕಣ್ಣ ಕೆಳಗೆ ಕಪ್ಪು.

"ಒಂಬತ್ತು ವರ್ಷ ನಿಮ್ಮ ಮೇಲೆ ಹಟ ಇಟ್ಕೊಂಡು ಓಡಿದೀನಿ ಮೇಷ್ಟ್ರೇ," ಅನ್ನುತ್ತಿದ್ದ. "ಚಳೀಲಿ ಏಳೋಕೆ ಬೇಜಾರಾದ್ರೆ ನಿಮ್ಮ ಮುಖ ನೆನೆಸ್ಕೊಳ್ತಿದ್ದೆ. ಈಗ ಏನು ನೆನೆಸ್ಕೊಂಡು ಓಡಲಿ?"

ಮೇಷ್ಟ್ರು ಸೂಜಿ ನಿಲ್ಲಿಸಿ ನಿಜವಾಗಿಯೂ ಯೋಚನೆ ಮಾಡಿದರು.

"ಗೊತ್ತಿಲ್ಲಪ್ಪ. ನಾನು ಓಡೋದು ದೋಣಿ ತಪ್ಪೋ ಹಾಗಿದ್ರೆ ಮಾತ್ರ."

ಹರುಮ ನಕ್ಕ. ನಾಚಿಕೆಯಿಲ್ಲದ, ಬಾಯಿ ತುಂಬ ನಗು. ಅದನ್ನು ಯಾವ ಕಂಪನಿಯವರೂ ಅಚ್ಚು ಹಾಕಿಲ್ಲ. ಉದೊನ್ ಪೂರ್ತಿ ತಿಂದು, ಹೊಸ ಹುಲ್ಲಿನ ವಾಸನೆ ಎಳೆದುಕೊಂಡು, ಮಾತಾಡುತ್ತಾ ಆಡುತ್ತಾ ಅಲ್ಲೇ ಮಗ್ಗುಲಾಗಿ ನಿದ್ದೆ ಹೋದ. ಸುಮಿಯೆ ಬಾಗಿಲು ಎಳೆದು, ಇವತ್ತು ರಜ ಅಂತ ಹಲಗೆ ತೂಗುಹಾಕಿದಳು. ಬೀದಿಯಲ್ಲಿ ನೂರಾರು ಜನ ಹರುಮ ಎಲ್ಲಿ ಹರುಮ ಎಲ್ಲಿ ಅಂತ ಹುಡುಕುತ್ತಿದ್ದರು. ಅವನು ಗೊರಕೆ ಹೊಡೆಯುತ್ತಿದ್ದ. ಮೇಷ್ಟ್ರು ಆ ಸದ್ದಿಗೆ ತೊಂದರೆಯಾಗದ ಹಾಗೆ ಪಕ್ಕದ ಚಾಪೆ ಹೊಲಿಯುತ್ತಿದ್ದರು.

ಸಂಜೆ ಅವನು ಹಿತ್ತಲಿನಿಂದ ಹೋದ. ವಿಷಯ ಇನದೊಮಿಗೆ ತಿಳಿಯುವಷ್ಟರಲ್ಲಿ ಎರಡು ದಿನವಾಗಿತ್ತು. (ನಾನಲ್ಲ ಹೇಳಿದ್ದು. ನನ್ನ ಅತ್ತೆ.) ಓಡಿಬಂದು, "ಹರುಮ ಮಲಗಿದ ಚಾಪೆ! ಎಲ್ಲಿ? ಹಗ್ಗ ಕಟ್ಟಿ ಕಾಯಬೇಕು ಅದನ್ನ!" ಅಂದರು.

"ಅದು ಗಿರಾಕಿದು. ಹಾಕಿ ಬಂದಾಯ್ತು."

"ಯಾರ ಮನೆಗೆ?"

"ಹೇಳಲ್ಲ. ದುಡ್ಡು ಕೊಟ್ಟು ಚಾಪೆ ಹಾಕಿಸಿಕೊಂಡವರು ನೆಮ್ಮದಿಯಾಗಿ ಮಲಗಲಿ."

ಆ ತಿಂಗಳು ಅವರು ಚಾಪೆ ಹಾಕಿದ ಮನೆಗಳು ಊರಲ್ಲಿ ಹತ್ತಾರಿವೆ. ಈಗ ಅವರೆಲ್ಲ ಚಾಪೆಗೆ ಧೂಳು ತಾಗದಂತೆ ಬಟ್ಟೆ ಹೊದಿಸಿ, ಬಂದವರಿಗೆ ಮೂಲೆ ಎತ್ತಿ ತೋರಿಸುತ್ತಾರೆ. ಹಲ್ಲಿನ ಡಾಕ್ಟರ ಮನೆಯಲ್ಲಿ ಕೂದಲು ಕೂಡ ಸಿಕ್ಕಿದೆಯಂತೆ. ಹರುಮ ಈ ಋತುವಿನಲ್ಲಿ ಹೆಚ್ಚು ಗೋಲು ಹೊಡೆದಿಲ್ಲ. ಟೂತ್‌ಪೇಸ್ಟಿನ ಮೇಲೆ ಈಗ ಪಕ್ಕದ ಜಿಲ್ಲೆಯ ಟೇಬಲ್ ಟೆನಿಸ್ ಆಡುವ ಹುಡುಗಿ ಬಂದಿದ್ದಾಳೆ. ಇನದೊಮಿ ಅವಳ ಮುಖದ ಕಡುಬಿಗೆ ಅಚ್ಚು ಮಾಡಿಸುತ್ತಿದ್ದಾರೆ. ಮೂಗು ಇನ್ನೂ ಸರಿಯಾಗಿ ಕೂರುತ್ತಿಲ್ಲವಂತೆ. ಕ್ಲಬ್ಬಿನವರು ಮೇಷ್ಟ್ರ ಆರೋಗ್ಯ ಸುಧಾರಿಸಿದೆ ಅಂತ ತೀರ್ಮಾನಿಸಿ ಮತ್ತೆ ಕರೆದಿದ್ದಾರೆ. ಅವರು ಹೋಗುತ್ತಿದ್ದಾರೆ.

ನಮ್ಮ ಒಳಕೋಣೆಗೂ ಚಾಪೆ ಹಾಕಿಸಿದ್ದು ಅದೇ ತಿಂಗಳು. ಅದರ ಮೇಲೆ ಮಲಗಿದ ಮೇಲೆ ಮಂಡಿನೋವು ಹೋಯಿತು ಅಂತ ಅತ್ತೆ ಬೀದಿಗೆಲ್ಲ ಸಾರಿದ್ದಾರೆ. ಸುಮಿಯೆ ಕೇಳಿ ನಕ್ಕಳು.

"ನಿಮ್ಮದು ಹರುಮ ಬರೋಕೆ ಒಂದು ವಾರ ಮುಂಚೇನೇ ಹಾಕಿದ್ದಲ್ವೇನೇ?"

"ಅತ್ತೆ ಹತ್ತಿರ ಹೇಳಬೇಡ ಮಾರಾಯ್ತಿ," ಅಂದೆ. "ಈಗ ಬಚ್ಚಲಿಗೆ ತಾವಾಗೇ ನಡೆದುಕೊಂಡು ಹೋಗ್ತಿದಾರೆ."